ಮಹಾರಾಣಿಯ ಸಲೂನು, ಮಂದಿಯ ಬೋಗಿ

ಹೊಸ ಬಸ್ಸಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಟೇಪು ಕತ್ತರಿಸಿ ಕಳಿಸುವುದು ನಮಗೆ ಚೆನ್ನಾಗಿ ಗೊತ್ತು. ಅದೇ ಬಸ್ಸು ಕೊನೆಯ ಟ್ರಿಪ್ ಮುಗಿಸಿದ್ದು ಯಾವತ್ತು ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿರುವುದಿಲ್ಲ. ಬಿಟಿಎಸ್ ಡಬಲ್ ಡೆಕ್ಕರ್ ಹತ್ತಿದ ಬೆಂಗಳೂರಿಗರು ಮೇಲಂತಸ್ತಿನ ಮುಂದಿನ ಸೀಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಅದನ್ನು ಬೀಳ್ಕೊಟ್ಟ ನೆನಪು ಮಾತ್ರ ನನಗೆ ಪರಿಚಯವಿರುವ ಒಬ್ಬರಿಗೂ ಇಲ್ಲ. ನ್ಯೂಯಾರ್ಕಿಗೆ ಬಂದ ಮೇಲೆ ಇದು ನನ್ನ ತಲೆಗೆ ಹೊಕ್ಕಿತು. ಹೊಗಿಸಿದ್ದು ಇಲ್ಲಿಯ ಸಬ್‌ವೇಯ, ಅಂದರೆ ಮೆಟ್ರೊದ, ಆರ್-32 ಎಂಬ ರೈಲು.

ಫಿಲಡೆಲ್ಫಿಯಾದ ಬಡ್ ಕಂಪನಿ 1964-65ರಲ್ಲಿ ಇಂಥ 600 ಬೋಗಿ ಕಟ್ಟಿಕೊಟ್ಟಿತು. ಮೈತುಂಬ ಸ್ಟೇನ್‌ಲೆಸ್ ಸ್ಟೀಲ್, ಪಕ್ಕಗಳಲ್ಲಿ ಉದ್ದಕ್ಕೂ ಅಲೆಅಲೆಯಾದ ತಗಡು. ಆ ಹೊಳಪಿಗೇ ಬ್ರೈಟ್‌ಲೈನರ್ ಎಂದು ಹೆಸರು ಬಂತು. ಎಪ್ಪತ್ತರ ದಶಕದ ಗೀಚುಬರಹ, ಬಜೆಟ್ ಇಲ್ಲದ ವರ್ಷಗಳು ಎಲ್ಲವನ್ನೂ ಅದು ಕಂಡಿತು. ಎಂಬತ್ತರ ದಶಕದ ಕೊನೆಗೆ ಕಳಚಿ ಜೋಡಿಸಿ ಎಸಿ ಕೂರಿಸಿದರು. ನಾನು ಹತ್ತುವ ಹೊತ್ತಿಗೆ ಅದು ಗಡಗಡ ಅನ್ನುತ್ತಿದ್ದ ಮುದುಕ. ಆದರೆ ಅದರಲ್ಲೊಂದು ಸೊಗಸಿತ್ತು. ಚಾಲಕನ ಕೋಣೆ ಮುಂಭಾಗದ ಒಂದು ಪಕ್ಕಕ್ಕಷ್ಟೇ ಇದ್ದುದರಿಂದ ನಡುವಿನ ಬಾಗಿಲ ಗಾಜು ಪ್ರಯಾಣಿಕರ ಪಾಲಿಗೆ ಉಳಿದಿತ್ತು. ಅಲ್ಲಿ ಮೂಗು ಒತ್ತಿ ನಿಂತರೆ ಸುರಂಗದ ಕೆಂಪು, ಹಸಿರು ಸಿಗ್ನಲ್‌ಗಳು ಒಂದೊಂದಾಗಿ ಎದುರು ಬರುತ್ತಿದ್ದವು. ಆ ಜಾಗಕ್ಕಾಗಿ ಮಕ್ಕಳ ಜೊತೆ ಕೋಟು ತೊಟ್ಟ ಗಂಡಸರೂ ಪೈಪೋಟಿಗೆ ಬೀಳುತ್ತಿದ್ದರು. ಹೊಸ ರೈಲುಗಳಲ್ಲಿ ಚಾಲಕನ ಕೋಣೆ ಅಡ್ಡಕ್ಕೆ ಪೂರ್ತಿ ಹಬ್ಬಿಕೊಂಡಿದೆ. ಚಾಲಕನಿಗೆ ಅನುಕೂಲವೇನೋ ಸರಿ, ನಮಗೆ ನಷ್ಟ.

ಇದರ ಆಯಸ್ಸಿನ ಕತೆ ತಮಾಷೆಯದು. 1971ರಿಂದ 73ರೊಳಗೆ ಬಂದ ಆರ್-44 ಬೋಗಿಗಳು ವಯಸ್ಸಿನಲ್ಲಿ ಚಿಕ್ಕವು. 2010ರ ಸುಮಾರಿಗೆ ಅವುಗಳ ಮೈಯಲ್ಲಿದ್ದ ಸಾದಾ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿದದ್ದು ಗೊತ್ತಾಗಿ ಮುಖ್ಯ ಮಾರ್ಗಗಳಿಂದ ತೆಗೆದರು. ಗುಜರಿಗೆ ಹೋಗಬೇಕಿದ್ದ ಆರ್-32ರಲ್ಲಿ ಇನ್ನೂರಕ್ಕೂ ಹೆಚ್ಚು ಬೋಗಿಗಳು ಹಾಗೆ ಬದುಕಿಕೊಂಡವು. ಮತ್ತೆ 2020ರಲ್ಲಿ ಹೊಚ್ಚಹೊಸ ಆರ್-179ರ ಬಾಗಿಲಿನ ತೊಂದರೆ ಬಯಲಾಯಿತು, ಓಡುವಾಗಲೇ ಎರಡು ಬೋಗಿಗಳ ಕೊಂಡಿ ಬೇರ್ಪಟ್ಟಿತು. ಅವನ್ನು ಹಿಂದಕ್ಕೆ ಕರೆಸಿದಾಗ ಕೆಲಸಕ್ಕೆ ಬಂದದ್ದು ಮತ್ತೆ ಈ ಮುದುಕನೇ.

ಇದನ್ನು ಬರೀ ಜಾಣತನ ಎನ್ನಲಾರೆ. ಹೊಸದು ಕೊಳ್ಳಲು ತಡವಾದದ್ದಕ್ಕೆ ಹಳೆಯದು ದುಡಿಯಿತು. ಪೂರ್ತಿ ನೆಲದಡಿಯ ಸಿ ಮಾರ್ಗದಲ್ಲಿ ಬೇಸಿಗೆ ಸೆಕೆಗೆ ಇದರ ಎಸಿ ಏದುಸಿರು ಬಿಡುತ್ತಿತ್ತು. ಕೆಲವು ಬೇಸಿಗೆಗಳಲ್ಲಿ ಹೊರಗೆ ಗಾಳಿಯಲ್ಲಿ ಓಡುವ ಜೆ ಮಾರ್ಗಕ್ಕೆ ಕಳಿಸಬೇಕಾಯಿತು. ಆದರೂ ವರ್ಕ್‌ಶಾಪಿನ ಕೈಗುಣ ಇಲ್ಲದೆ 57 ವರ್ಷ ಯಾವ ತಗಡೂ ಓಡುವುದಿಲ್ಲ. ನಮ್ಮಲ್ಲಿ ಸರ್ಕಾರಿ ವಾಹನಕ್ಕೆ 15 ವರ್ಷ ತುಂಬಿದರೆ 2023ರ ಏಪ್ರಿಲ್‌ನಿಂದ ನೋಂದಣಿಯೇ ರದ್ದು. ಹೊಗೆ ಉಗುಳುವ ಬಸ್ಸಿಗೆ ಆ ನಿಯಮ ಬೇಕಿತ್ತು, ನಾನೂ ಒಪ್ಪುತ್ತೇನೆ. ನನ್ನ ತಕರಾರು ಹೋಗುವ ರೀತಿಯ ಬಗ್ಗೆ.

ನ್ಯೂಯಾರ್ಕಿನಲ್ಲಿ ಆರ್-32ಕ್ಕೆ 2021ರ ಡಿಸೆಂಬರ್‌ನ ಭಾನುವಾರಗಳಲ್ಲಿ ಮಾಮೂಲಿ ಟಿಕೆಟ್ ದರದಲ್ಲೇ ವಿದಾಯದ ಓಟ ಇಟ್ಟರು. ಕೊನೆಯದು 2022ರ ಜನವರಿ 9ರಂದು. ಮುಂದಿನ ಗಾಜಿಗೆ ಕ್ಯಾಮೆರಾಗಳ ನೂಕುನುಗ್ಗಲು. ಭಾರತದಲ್ಲಿ ಇಂಥದ್ದು ಆಗುವುದೇ ಇಲ್ಲ ಅಂತಲ್ಲ. ಕೋಲ್ಕತ್ತ ಮೆಟ್ರೊ 1984ರಿಂದ ಓಡಿಸಿದ ಎಸಿ ಇಲ್ಲದ ರೈಲುಗಳನ್ನು 2021ರ ಅಕ್ಟೋಬರ್‌ನಲ್ಲಿ ಹೀಗೇ ಬೀಳ್ಕೊಟ್ಟಿತು.

ಹಾಗಂತ ನ್ಯೂಯಾರ್ಕಿನಲ್ಲಿ ಎಲ್ಲಕ್ಕೂ ಮರ್ಯಾದೆ ಸಿಕ್ಕಿತು ಅಂದುಕೊಳ್ಳಬೇಡಿ. ಮೊದಲ ಕಂತಿನಲ್ಲಿ ನಿವೃತ್ತವಾದ ಎಷ್ಟೋ ಆರ್-32ಗಳ ಬಾಗಿಲು, ಕಿಟಕಿ, ಚಕ್ರ ಕಿತ್ತು, ದೋಣಿಯ ಮೇಲೆ ಒಯ್ದು, ಗಣಪತಿ ಬಿಟ್ಟ ಹಾಗೆ ಅಟ್ಲಾಂಟಿಕ್‌ಗೆ ತಳ್ಳಿದರು. ಮೀನುಗಳಿಗೆ ಮನೆಯಾಗಲಿ ಎಂಬುದು ಲೆಕ್ಕ. ಸಾದಾ ಉಕ್ಕಿನ ಹಳೆಯ ರೆಡ್‌ಬರ್ಡ್ ಬೋಗಿಗಳು ಅಲ್ಲಿ ಚೆನ್ನಾಗಿಯೇ ನಿಂತವು. ನ್ಯೂಜೆರ್ಸಿ ಕರಾವಳಿಯಲ್ಲಿ ಮುಳುಗಿಸಿದ ಸ್ಟೇನ್‌ಲೆಸ್ ಬೋಗಿಗಳು ತಿಂಗಳುಗಳಲ್ಲೇ ಕುಸಿದು, ಆ ರಾಜ್ಯ ಇನ್ನು ಬೇಡ ಎಂದಿತು. ಹಳಿಯ ಮೇಲೆ ನಾಲ್ಕು ದಶಕ ತಾಳಿದ್ದು ಸಮುದ್ರದಲ್ಲಿ ಒಂದು ವರ್ಷವೂ ತಾಳಲಿಲ್ಲ.

ಬ್ರೂಕ್ಲಿನ್‌ನಲ್ಲಿ ಬಳಕೆ ತಪ್ಪಿದ ಕೋರ್ಟ್ ಸ್ಟ್ರೀಟ್ ನಿಲ್ದಾಣವನ್ನೇ ಟ್ರಾನ್ಸಿಟ್ ಮ್ಯೂಸಿಯಂ ಮಾಡಿದ್ದಾರೆ. ಹಳಿಯ ಮೇಲೇ ನಿಂತ ಹಳೆಯ ಬೋಗಿಗಳ ಒಳಹೊಕ್ಕು ಬೆತ್ತದ ಸೀಟಿನಲ್ಲಿ ಕೂರಬಹುದು, ಆ ಕಾಲದ ಜಾಹೀರಾತು ಓದಬಹುದು. ಮ್ಯೂಸಿಯಂ ಸಂಗ್ರಹಕ್ಕೆ ಆರ್-32ರ ಒಂದು ಜೋಡಿಯೂ ಸೇರಿದೆ, 3352 ಮತ್ತು 3353. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ನಾವು ಬಲು ಜೋಪಾನವಾಗಿ ಇಟ್ಟುಕೊಂಡಿರುವುದು ಮಹಾರಾಣಿಯ ಸಲೂನು. ಚೆನ್ನಾಗಿದೆ, ಇರಲೇಬೇಕು. ಆದರೆ ಮೈಸೂರು-ಬೆಂಗಳೂರಿನ ನಡುವೆ ಟಿಫನ್ ಕ್ಯಾರಿಯರ್ ಹಿಡಿದು ದಿನಾ ಓಡಾಡಿದ ಗುಮಾಸ್ತರ ಬೋಗಿಯನ್ನೂ ಅಷ್ಟೇ ಜೋಪಾನ ಮಾಡಬೇಕು ಅಂತ ಯಾರಿಗೆ ಹೊಳೆಯುತ್ತದೆ?

ನಮ್ಮ ಮೆಟ್ರೊದ ಮೊದಲ ರೈಲುಗಳು 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಿದಾಗ ಮೂರೇ ಬೋಗಿಯವು, 2018ರಿಂದ ಆರು ಬೋಗಿಯವಾಗತೊಡಗಿದವು. ಅವಕ್ಕೆ ಇನ್ನೂ ಬೇಕಾದಷ್ಟು ಆಯಸ್ಸಿದೆ. ಆದರೂ ಯಾವುದನ್ನು ಉಳಿಸಿಕೊಳ್ಳುವುದು ಎಂದು ಈಗಲೇ ಬರೆದಿಡಬೇಕು. ಹೊಸ ಬಣ್ಣ ಬಳಿಯುವುದು ಬೇಡ. ಹಿಡಿಕೆ ಸವೆದ ಹಾಗೇ ಇರಲಿ, ಕನ್ನಡದ ಸೂಚನಾಫಲಕಗಳು ಅಂಟಿಸಿದ ಹಾಗೇ ಇರಲಿ, ಪ್ರಕಟಣೆಯ ದನಿಯೂ ಕೇಳುವಂತಿರಲಿ. ಬೋಗಿ ತಯಾರಿಸುವ ಬಿಇಎಂಎಲ್ ಬೆಂಗಳೂರಿನದೇ, ನಿಲ್ಲಿಸುವುದಕ್ಕೆ ಬೈಯಪ್ಪನಹಳ್ಳಿ ಡಿಪೋ ಇದೆ. ನೋಡಲು ಬಂದವರಿಂದ ಬೇಕಾದರೆ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಆಗುವಷ್ಟು ಟಿಕೆಟ್ ದುಡ್ಡು ಇಸಿದುಕೊಳ್ಳಲಿ.