ಕೊನೆಗೆ ಉಣ್ಣುವವಳ ಲಿವರ್

ಹೋದ ವರ್ಷ ಆಗಸ್ಟ್‌ನಲ್ಲಿ ಬಲಗಡೆ ಪಕ್ಕೆಯ ಕೆಳಗೆ ಒಂಥರಾ ಭಾರ ಅಂತ ಸ್ಕ್ಯಾನಿಂಗ್‌ಗೆ ಹೋಗಿದ್ದೆ. ಪಿತ್ತಕೋಶದಲ್ಲಿ ಕಲ್ಲಿರಬೇಕು ಅಂತ ನನ್ನ ಲೆಕ್ಕ. ಕಲ್ಲು ಸಿಗಲಿಲ್ಲ. ರಿಪೋರ್ಟಿನಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಇತ್ತು, ಅಂದರೆ ಲಿವರಿನಲ್ಲಿ ಮಧ್ಯಮ ಮಟ್ಟಕ್ಕೆ ಕೊಬ್ಬು ತುಂಬಿದೆ ಅಂತ. ರಿಪೋರ್ಟ್ ಕೊಟ್ಟ ಹುಡುಗ ದನಿ ತಗ್ಗಿಸಿ, "ಮೇಡಂ, ಡ್ರಿಂಕ್ಸ್ ಏನಾದ್ರೂ...?" ಅಂದ.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಮೇಡಂ. ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ದೇವಸ್ಥಾನದ ತೀರ್ಥ ಬಿಟ್ಟರೆ ಬೇರೆ ಏನೂ ಕುಡಿದವಳಲ್ಲ. ಆದರೂ ಆ ರಿಪೋರ್ಟನ್ನು ಬ್ಯಾಗಿನ ತಳಕ್ಕೆ ತುರುಕಿ, ಕದ್ದವಳ ಹಾಗೆ ಮನೆಗೆ ಬಂದೆ. ಈ ಮುಜುಗರ ನನ್ನೊಬ್ಬಳದೇ ಅಲ್ಲವಂತೆ. 2023ರಲ್ಲಿ ಈ ಕಾಯಿಲೆಯ ಹೆಸರನ್ನೇ ಬದಲಾಯಿಸಿದರು. 'ನಾನ್-ಆಲ್ಕೊಹಾಲಿಕ್ ಫ್ಯಾಟಿ ಲಿವರ್' ಅನ್ನುವ ಹಳೆಯ ಹೆಸರಿನಲ್ಲಿದ್ದ 'ಆಲ್ಕೊಹಾಲಿಕ್' ಅನ್ನುವ ಪದ ತೆಗೆದುಹಾಕಿ 'ಮೆಟಬಾಲಿಕ್', ಅಂದರೆ ಚಯಾಪಚಯಕ್ಕೆ ಸಂಬಂಧಿಸಿದ್ದು, ಅಂತ ಸೇರಿಸಿದರು. ಹೆಸರು ಬದಲಾದ ಸುದ್ದಿ ನಮ್ಮ ಸ್ಕ್ಯಾನಿಂಗ್ ಸೆಂಟರ್‌ಗೆ ಇನ್ನೂ ಬಂದು ಮುಟ್ಟಿಲ್ಲ, ಅಷ್ಟೆ.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಲಿವರಿಗೆ ಏಟು ಬಿದ್ದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ 68, ಇರಬೇಕಾದ್ದಕ್ಕಿಂತ ಜಾಸ್ತಿ. ಮೂರು ತಿಂಗಳ ಶುಗರ್ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದೆ. ತೂಕ 71 ಕೆಜಿ, ಎತ್ತರ ಐದಡಿ ಒಂದಿಂಚು. ಫೈಬ್ರೋಸ್ಕ್ಯಾನ್ ಮಾಡಿ, ಲಿವರ್ ಇನ್ನೂ ಗಟ್ಟಿಯಾಗಿಲ್ಲ, ಗಾಯದ ಕಲೆ ಬಿದ್ದಿಲ್ಲ ಅಂದಾಗ ಉಸಿರು ಬಂತು. "ಟಾನಿಕ್ ಏನಾದ್ರೂ ಬರೆದುಕೊಡಿ" ಅಂದೆ. ನಕ್ಕರು. "ಟಾನಿಕ್ ಬೇಡ. 7 ಪರ್ಸೆಂಟ್ ತೂಕ ಇಳಿಸಿ. 10 ಆದರೆ ಇನ್ನೂ ಒಳ್ಳೇದು." 71ರಲ್ಲಿ 7 ಪರ್ಸೆಂಟ್ ಅಂದರೆ ಐದು ಕೆಜಿ. ಹೇಳೋದು ಸುಲಭ.

ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಫ್ಯಾಟಿ ಲಿವರ್ ಅಂದಕೂಡಲೇ ತುಪ್ಪ, ಎಣ್ಣೆ ಬಿಡಬೇಕು ಅಂದುಕೊಂಡಿದ್ದೆ. ಎಣ್ಣೆಯದೂ ತಪ್ಪಿದೆ. ಆದರೆ ಅನ್ನ, ಸಕ್ಕರೆ, ಮೈದಾ ಮಿತಿಮೀರಿದರೂ ಲಿವರ್ ಅದನ್ನೇ ಕೊಬ್ಬು ಮಾಡಿ ತನ್ನಲ್ಲೇ ಗಂಟು ಕಟ್ಟಿಟ್ಟುಕೊಳ್ಳುತ್ತದೆ. ಜೊತೆಗೆ ನನಗೆ ಮುಟ್ಟು ನಿಲ್ಲುವ ವಯಸ್ಸು. ಅಲ್ಲಿಂದ ಮುಂದೆ ಹೆಂಗಸರಿಗೆ ಇದು ಜಾಸ್ತಿ. ನಮ್ಮ ದೇಶದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ದಿಲ್ಲಿಯ ಏಮ್ಸ್ ವೈದ್ಯರು ಲೆಕ್ಕ ಹಾಕಿದಾಗ, ದೊಡ್ಡವರಲ್ಲಿ ನೂರಕ್ಕೆ 38 ಜನರಿಗೆ ಇದಿತ್ತು. ಹಾಗಾದರೆ ನಮ್ಮ ಸ್ಟಾಫ್ ರೂಮಿನಲ್ಲೇ ಐದಾರು ಜನ ಇರಬೇಕಲ್ವಾ? ಯಾರೂ ಬಾಯಿ ಬಿಡಲ್ಲ.

ಬೆಂಗಳೂರಲ್ಲಿರುವ ತಂಗಿ ಮಗಳು ಒಂದು ಆ್ಯಪ್ ಹಾಕಿಕೊಟ್ಟಳು. "ದೊಡ್ಡಮ್ಮ, ಎಂಟು ಗಂಟೆ ತಿನ್ನೋದು, ಹದಿನಾರು ಗಂಟೆ ಬಿಡೋದು. ಸಿಂಪಲ್." ನಾನು ಅಷ್ಟು ಬೇಗ ಹಾರಲಿಲ್ಲ. ಮೊದಲ ವಾರ ಏನನ್ನೂ ಬದಲಾಯಿಸದೆ, ಬಾಯಿಗೆ ಹೋಗಿದ್ದಕ್ಕೆಲ್ಲ ಸುಮ್ನೆ ಫೋಟೋ ಹೊಡೆದೆ. ಆ ವಾರದಲ್ಲೇ ನನಗೆ ಬುದ್ಧಿ ಬಂದಿದ್ದು.

ಒಂದು ಮಂಗಳವಾರದ್ದು ಹೇಳುತ್ತೇನೆ. ಬೆಳಗ್ಗೆ 5.30ಕ್ಕೆ ಹಾಲು ಸಕ್ಕರೆ ಹಾಕಿದ ಕಾಫಿ. 7ಕ್ಕೆ ದೋಸೆ ಹುಯ್ಯುತ್ತಾ ಹರಿದುಹೋದ ಮೊದಲ ದೋಸೆ, ಅದು ನನಗೇ. 8ಕ್ಕೆ ತಿಂಡಿ. 11ಕ್ಕೆ ಸ್ಟಾಫ್ ರೂಮಲ್ಲಿ ಟೀ, ಎರಡು ಬಿಸ್ಕತ್ತು. 1.15ಕ್ಕೆ ಡಬ್ಬಿ. 4ಕ್ಕೆ ಯಾರದ್ದೋ ಬರ್ತ್‌ಡೇ ಕೇಕ್. 5.30ಕ್ಕೆ ಅತ್ತೆ ಜೊತೆ ಕಾಫಿ, ಒಂದು ಹಿಡಿ ಖಾರ. 9.20ಕ್ಕೆ ಊಟ. ಆಮೇಲೆ 9.50ಕ್ಕೆ ಒಂದು ಫೋಟೋ ಇತ್ತು. ಅದರಲ್ಲಿ ತಟ್ಟೆಯೇ ಇಲ್ಲ. ಪಾತ್ರೆಯ ತಳ, ಸೌಟು, ಮಗ ಬಿಟ್ಟ ಅರ್ಧ ಮುದ್ದೆ, ಅದರ ಮೇಲೆ ಮಿಕ್ಕಿದ ಎರಡು ಸೌಟು ಅವರೆಕಾಳು ಸಾರು. ಬೆಳಿಗ್ಗೆಗೆ ಹಳಸುತ್ತದೆ, ಚೆಲ್ಲೋಕೆ ಮನಸ್ಸು ಬರಲ್ಲ. ಸಿಂಕ್ ಮುಂದೆ ನಿಂತೇ ಮುಗಿಸಿದ್ದೆ. ಫೋಟೋ ತೆಗೆಯದಿದ್ದರೆ ಅದು ಊಟವೇ ಆಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಪಾತ್ರೆ ತೊಳೆಯೋ ಕೆಲಸದ ಭಾಗ.

5.30ರಿಂದ 9.50. ಹದಿನಾರು ಗಂಟೆ ಮೇಲೆ. ಡಾಕ್ಟರ್ ಕೇಳಿದಾಗ ನಾನು ಹೇಳಿದ್ದು "ಮೂರು ಹೊತ್ತು ಊಟ, ಅಷ್ಟೇ ಸರ್" ಅಂತ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ.

ಒಡಿಶಾ ಮೂಲದ ಸಚ್ಚಿದಾನಂದ ಪಾಂಡಾ ಅಂತ ಒಬ್ಬ ವಿಜ್ಞಾನಿ ಅಮೆರಿಕದ ಸಾಲ್ಕ್ ಇನ್‌ಸ್ಟಿಟ್ಯೂಟಿನಲ್ಲಿದ್ದಾರೆ. ಈ ಹೊತ್ತಿನ ಲೆಕ್ಕದ ಊಟ ಇಷ್ಟು ಹೆಸರಾಗಿದ್ದು ಬಹಳಮಟ್ಟಿಗೆ ಅವರಿಂದ. 2012ರಲ್ಲಿ ಅವರ ತಂಡ ಇಲಿಗಳ ಮೇಲೆ ಪ್ರಯೋಗ ಮಾಡಿತು. ಅದೇ ಕೊಬ್ಬಿನ ಆಹಾರವನ್ನು ಎಂಟು ಗಂಟೆಯೊಳಗೆ ತಿಂದ ಇಲಿಗಳ ಲಿವರ್ ಚೆನ್ನಾಗಿತ್ತು, ದಿನವಿಡೀ ಮೆಲ್ಲುತ್ತಿದ್ದವುಗಳದ್ದು ಕೊಬ್ಬು ತುಂಬಿಕೊಂಡಿತ್ತು. 2015ರಲ್ಲಿ ಜನರ ಕೈಗೂ ಆ್ಯಪ್ ಕೊಟ್ಟು, ತಿಂದಿದ್ದಕ್ಕೆಲ್ಲ ಫೋಟೋ ಹೊಡೆಯಲು ಹೇಳಿದರು. ಅರ್ಧಕ್ಕಿಂತ ಹೆಚ್ಚು ಜನ ದಿನಕ್ಕೆ ಸುಮಾರು 15 ಗಂಟೆ ಕಾಲ ತಿನ್ನುತ್ತಲೇ ಇದ್ದರಂತೆ. ನಾನು ಅಲ್ಲೂ ಫಸ್ಟ್ ಕ್ಲಾಸು.

ಸರಿ, ರಾತ್ರಿ ಊಟ ಹಿಂದಕ್ಕೆ ತರಬೇಕು. ನಮ್ಮನೆಯವರು ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು. ಮನೆ ಮುಟ್ಟುವುದು 8.30. ಮಗ ಪಿಯುಸಿ, ಟ್ಯೂಷನ್ ಮುಗಿಸಿ ಬರುವುದೂ ಅಷ್ಟೊತ್ತಿಗೆ. ಕೈಕಾಲು ತೊಳೆದು, ಟಿವಿ ಹಾಕಿ, ಕೂರುವಷ್ಟರಲ್ಲಿ 9. ಅವರಿಗೆಲ್ಲ ಬಡಿಸಿ ನಾನು. ಇಷ್ಟು ವರ್ಷ ನನ್ನ ಊಟದ ಹೊತ್ತನ್ನು ನನ್ನ ಹೊಟ್ಟೆ ಗೊತ್ತು ಮಾಡಿರಲಿಲ್ಲ. ತುಮಕೂರು ಪ್ಯಾಸೆಂಜರ್ ಗೊತ್ತು ಮಾಡುತ್ತಿತ್ತು. ಅದು ಲೇಟಾದರೆ ನನ್ನ ಊಟವೂ ಲೇಟು.

ಆ್ಯಪ್ ಮಾಡಿದವರಿಗೆ ಇದು ಹೊಳೆದಿದ್ದಂತೆ ಕಾಣಲ್ಲ. ಸಂಜೆ 6.45ಕ್ಕೆ ಟಣ್ ಅಂತ ಬಡಿದು "ಇನ್ನು ಹದಿನೈದು ನಿಮಿಷ ಇದೆ" ಅನ್ನುತ್ತದೆ. ನಾನು ಆಗ ಕುಕ್ಕರ್ ಇಡುತ್ತಿರುತ್ತೇನೆ. ಅದರ ಆಹಾರದ ಪಟ್ಟಿಯಲ್ಲಿ ಬೇಗಲ್ ಅನ್ನೋ ಬ್ರೆಡ್ ಇದೆ, ಮೂರು ಥರದ ಸೂಪ್ ಇದೆ, ಮುದ್ದೆ ಇಲ್ಲ. ಒಂದು ವಾರ ಕಳೆದ ಮೇಲೆ ದುಡ್ಡು ಕೇಳಿತು. ಅಡುಗೆಗೆ ಉಪ್ಪು ನೋಡಲು ಚಮಚ ಬಾಯಿಗಿಟ್ಟರೆ ಉಪವಾಸ ಮುರಿಯಿತೋ ಇಲ್ಲವೋ ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ.

ಮೊದಲ ದಿನ 6.30ಕ್ಕೆ ತಟ್ಟೆ ಹಾಕಿಕೊಂಡಾಗ ಕೈ ನಡುಗಿತು, ನಿಜ ಹೇಳುತ್ತೇನೆ. ಅತ್ತೆ ದೇವರ ಮನೆಯಿಂದ ಇಣುಕಿ, "ಅವನು ಬರೋಕೆ ಮುಂಚೆನೇ ಉಣ್ತೀಯೇನೇ?" ಅಂದರು. "ಡಾಕ್ಟರ್ ಹೇಳಿದಾರೆ ಅತ್ತೆ" ಅಂದೆ. ಡಾಕ್ಟರ್ ಹಾಗೇನೂ ಹೇಳಿರಲಿಲ್ಲ. ಆ್ಯಪ್ ಹೇಳಿದೆ ಅಂದರೆ ನಮ್ಮ ಮನೆಯಲ್ಲಿ ನಡೆಯಲ್ಲ.

ಹತ್ತು ದಿನ ಕಳೆದಿರಬೇಕು. ಒಂದು ಸಂಜೆ ಅತ್ತೆ ತಾವೇ ಎರಡು ತಟ್ಟೆ ತಂದಿಟ್ಟರು. "ನಂಗೂ ಈ ಹೊತ್ತಿಗೇ ಹಸಿವಾಗುತ್ತೆ ಕಣೇ. ಸೊಸೆ ಉಣ್ಣದೆ ನಾನು ಹೆಂಗೆ ಉಣ್ಲಿ ಅಂತ ಕಾಯ್ತಿದ್ದೆ." ನಾನು ಗಂಡನಿಗೆ ಕಾಯೋದು, ಅವರು ನನಗೆ ಕಾಯೋದು. ಎಷ್ಟು ವರ್ಷದಿಂದ! ಅವರಿಗೆ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಹಾಗಾಗಿ ಹೊತ್ತು ಬದಲಾಯಿಸುವ ಮುಂಚೆ ಡಾಕ್ಟರನ್ನು ಕೇಳಿ, ರಾತ್ರಿ ಮಾತ್ರೆಯ ಸಮಯ ಸರಿ ಮಾಡಿಸಿಕೊಂಡೆವು. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ದಯವಿಟ್ಟು ನನ್ನ ಪೋಸ್ಟ್ ನೋಡಿ ಹದಿನಾರು ಗಂಟೆ ಬಾಯಿ ಕಟ್ಟಬೇಡಿ. ಶುಗರ್ ಇಳಿದು ಬಿದ್ದುಬಿಡ್ತೀರ.

ನಾನೂ ಹದಿನಾರು ಗಂಟೆ ಮಾಡುತ್ತಿಲ್ಲ. ಬೆಳಗಿನ ಕಾಫಿ ಬಿಡಲು ಆಗಲೇ ಇಲ್ಲ. ಬ್ಲ್ಯಾಕ್ ಕಾಫಿ ಕುಡಿದರೆ ಪರವಾಗಿಲ್ಲ ಅಂತಾರೆ, ಲಿವರಿಗೂ ಕಾಫಿ ಒಳ್ಳೆಯದಂತೆ, ಆದರೆ ಹಾಲಿಲ್ಲದ ಡಿಕಾಕ್ಷನ್ ಕುಡಿದು ಒಂದನೇ ಪೀರಿಯಡ್ಡಿಗೆ ಹೋಗೋದು ನನ್ನ ಕೈಲಿ ಸಾಧ್ಯವಿಲ್ಲ. ಕಾಫಿಯನ್ನು 7.30ಕ್ಕೆ ತಿಂಡಿಯ ಜೊತೆಗೆ ತಳ್ಳಿದೆ. 7.30ರಿಂದ 6.45. ಹನ್ನೊಂದು ಕಾಲು ಗಂಟೆ. ಆ್ಯಪ್ ಪ್ರಕಾರ ನಾನು ಫೇಲ್.

ಸ್ಟಾಫ್ ಗ್ರೂಪಿನಲ್ಲಿ ವಿಷಯ ಗೊತ್ತಾದಾಗ ಒಬ್ಬರು ತಕ್ಷಣ "ಒಂದೊತ್ತು ಉಂಡವ ಯೋಗಿ" ಫಾರ್ವರ್ಡ್ ಮಾಡಿದರು. ನಮ್ಮ ತಾತ ಮೂರು ಹೊತ್ತೂ ಮುದ್ದೆ ಉಂಡು ಎಂಬತ್ತನಾಲ್ಕರವರೆಗೆ ತೆಂಗಿನ ತೋಟ ಸುತ್ತಿದವರು, ಅವರನ್ನು ಏನಂತೀರಿ ಅಂದೆ. ಜೈನರ ಪೈಕಿ ಒಬ್ಬ ಮೇಷ್ಟ್ರಿದ್ದಾರೆ, ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಲೆ ಹಚ್ಚಲ್ಲ. ಅವರನ್ನು ಕೇಳಿದರೆ, "ನಮ್ಮಲ್ಲೂ ಶುಗರ್, ಹೊಟ್ಟೆ ಎಲ್ಲಾ ಇದೆ ಮೇಡಂ. ಆರು ಗಂಟೆಗೇ ಆರು ಹೋಳಿಗೆ ತಿಂದ್ರೆ?" ಅಂದರು.

ಅವರ ಮಾತೇ ಸರಿ ಅಂತ ಕಾಣುತ್ತದೆ. ಚೀನಾದ ಗುವಾಂಗ್‌ಝೌನಲ್ಲಿ ಫ್ಯಾಟಿ ಲಿವರ್ ಇರುವ 88 ಜನರನ್ನು ಒಂದು ವರ್ಷ ನೋಡಿದ್ದಾರೆ, ವರದಿ ಬಂದಿದ್ದು 2023ರಲ್ಲಿ. ಅರ್ಧ ಜನ ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕು. ಉಳಿದವರು ಯಾವಾಗ ಬೇಕಾದರೂ ತಿನ್ನಬಹುದು. ಆದರೆ ಕ್ಯಾಲರಿ ಮಿತಿ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ಇಬ್ಬರ ಲಿವರಿನ ಕೊಬ್ಬೂ ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಸಮ. ಅಂದರೆ ಗಡಿಯಾರದಲ್ಲಿ ಮಂತ್ರವೇನೂ ಇಲ್ಲ. ಒಟ್ಟು ಕಡಿಮೆ ತಿನ್ನಬೇಕು. ಹೊತ್ತಿಗೆ ಬೇಲಿ ಹಾಕಿದರೆ ಕೆಲವರಿಗೆ ಕಡಿಮೆ ತಿನ್ನೋದು ಸುಲಭ ಆಗುತ್ತದೆ. ನನಗೆ ಆಯಿತು. ಕ್ಯಾಲರಿ ಎಣಿಸಲು ನನಗೆ ಬರಲ್ಲ, ಅಡುಗೆಮನೆ ಬಾಗಿಲು ಹಾಕಲು ಬರುತ್ತದೆ.

ಫೆಬ್ರವರಿಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. ತೂಕ 66. ಎಸ್‌ಜಿಪಿಟಿ 39. ಸ್ಕ್ಯಾನಿನಲ್ಲಿ ಗ್ರೇಡ್ 1. ಸಂಜೆ ಊಟ ಆದ ಮೇಲೆ ಅಮಾನಿಕೆರೆ ಕಡೆ ನಲವತ್ತು ನಿಮಿಷ ನಡೆಯುತ್ತಿದ್ದೆ, ಅದರ ಪಾಲೂ ಇದೆ. ಒಂಬತ್ತು ಗಂಟೆಗೆ ಉಣ್ಣುತ್ತಿದ್ದಾಗ ವಾಕಿಂಗ್‌ಗೆ ಹೋಗಲು ಸಂಜೆ ಅನ್ನೋದೇ ನನಗಿರಲಿಲ್ಲ. ಆ್ಯಪ್ ತೆಗೆದುಹಾಕಿ ಎರಡು ತಿಂಗಳಾಯಿತು. ಆ ಒಂದು ಫೋಟೋ ಮಾತ್ರ ಇಟ್ಟುಕೊಂಡಿದ್ದೇನೆ.

ಈಗ 8.30ಕ್ಕೆ ನಮ್ಮನೆಯವರು ಬಂದರೆ ಎಲ್ಲ ಹಾಟ್ ಬಾಕ್ಸಿನಲ್ಲಿ ಇರುತ್ತದೆ. ಅಪ್ಪ ಮಗ ತಾವೇ ಬಡಿಸಿಕೊಳ್ಳುತ್ತಾರೆ. ಮೊದಲ ತಿಂಗಳು ಮುಖ ಊದಿಸಿಕೊಂಡಿದ್ದರು, ಆಮೇಲೆ ಸರಿಹೋಯಿತು. ಪಾತ್ರೆಯನ್ನೂ ಇವರೇ ಸಿಂಕಿಗೆ ಹಾಕುತ್ತಾರೆ. ಮೊನ್ನೆ ನೀರು ಕುಡಿಯಲು ಒಳಗೆ ಹೋದರೆ, ಸಿಂಕ್ ಮುಂದೆ ನಿಂತು ತಳದ ಅನ್ನಕ್ಕೆ ಮೊಸರು ಕಲಸುತ್ತಿದ್ದರು. "ಇಷ್ಟೇ ಇಷ್ಟಿತ್ತು, ಚೆಲ್ಲೋದು ಯಾಕೆ ಅಂತ" ಅಂದರು. ಶನಿವಾರ ಇವರಿಗೆ ಸ್ಕ್ಯಾನಿಂಗ್ ಬುಕ್ ಮಾಡಿದ್ದೇನೆ.