ಆಷಾಢದಲ್ಲಿ ಒಣ ಕಸ

ಊರಾಚೆಯ ಕಸ ವಿಲೇವಾರಿ ಘಟಕಕ್ಕೆ ಹೋಗುವ ಕಸ ಕಡಿಮೆಯಾಗಿದೆಯಂತೆ. ಮೊನ್ನೆ ನಮ್ಮೂರ ಪಟ್ಟಣ ಪಂಚಾಯಿತಿ ಸಭೆಯಲ್ಲಿ ಓದಿ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು, ಬೋಂಡಾ ತಿಂದು ಎದ್ದಿದ್ದಾರೆ. ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಹನ್ನೊಂದು ಜನ ಸೇರಿ ಒಂದೇ ಪೊರಕೆ ಹಿಡಿದು ನಿಂತ ಫೋಟೊ ಇತ್ತಲ್ಲ, ಅದೇ.

ಅಭಿನಂದಿಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ಗಾಡಿ ಬಂತು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ ಅಂತ ಮೈಕು ಕೂಗುತ್ತಿತ್ತು. ಆಷಾಢ ಮಾರಾಯ್ರೆ! ಆಗುಂಬೆಯ ಮೋಡ ನಮ್ಮ ತಲೆ ಮೇಲೆ ಬಂದು ಕೂತು ಹನ್ನೆರಡು ದಿನವಾಯಿತು. ಮನೆಯಲ್ಲಿ ಬನಿಯನ್ ಒಣಗಿಲ್ಲ, ಟವೆಲ್ ಒಣಗಿಲ್ಲ, ಬೆಂಕಿಕಡ್ಡಿ ಗೀರಿದರೆ ತಲೆ ಕಳಚಿ ಬೀಳುತ್ತೆ. ಬಚ್ಚಲೊಲೆ ಮೇಲೆ ಗಳ ಕಟ್ಟಿ, ಬಟ್ಟೆ ಹರವಿ, ಹೊಗೆವಾಸನೆಯ ಅಂಗಿ ತೊಟ್ಟು ಆಫೀಸಿಗೆ ಹೋಗುವ ಜನ ನಾವು. ಒಣ ಕಸ ಎಲ್ಲಿಂದ ತರೋಣ? ದೀಪಾವಳಿಗೆ ಬನ್ನಿ, ಕೊಡ್ತೀವಿ.

ಆದರೂ ನನ್ನ ಹೆಂಡತಿ ಶಿಸ್ತಿನವಳು. ಹಸಿರು ಬಕೆಟ್ಟು, ನೀಲಿ ಬಕೆಟ್ಟು ಎರಡೂ ಕೊಟ್ಟಳು. ಗಾಡಿಯಲ್ಲೂ ಎರಡು ಭಾಗ ಇದೆ, ಸುಳ್ಳು ಹೇಳಬಾರದು. ಒಂದರಲ್ಲಿ ಸ್ಟೆಪ್ನಿ, ಡ್ರೈವರ್ ಕೊಡೆ, ಗುಜರಿಗೆ ಕೊಡಲು ಎತ್ತಿಟ್ಟ ರಟ್ಟು. ಇನ್ನೊಂದರಲ್ಲಿ ಇಡೀ ಊರು.

‘ಎರಡೂ ಒಂದಕ್ಕೇ ಸುರೀತೀರಲ್ಲಪ್ಪ?’ ಅಂದೆ.

‘ಅಲ್ಲಿ ಹೋಗಿ ಹೆಂಗೂ ಒಂದೇ ಗುಂಡಿ ಅಲ್ವಾ ಸಾರ್,’ ಅಂದ. ಇಡೀ ಪಂಚಾಯಿತಿಯಲ್ಲಿ ನಿಜ ಹೇಳುವವನು ಇವನೊಬ್ಬನೇ. ಖಾಯಂ ನೌಕರನಲ್ಲ, ಅದಕ್ಕಿರಬೇಕು.

2016ರ ಘನತ್ಯಾಜ್ಯ ನಿಯಮಗಳನ್ನು ಓದಿದ್ದೀರಾ? ಓದಿ, ಮಜವಾಗಿವೆ. ನೆಲಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೋಗಬೇಕಾದ್ದು ಎಂಥ ಕಸ ಅಂತ ಅದರಲ್ಲಿದೆ: ಉಪಯೋಗಕ್ಕೆ ಬಾರದ್ದು, ಮರುಬಳಕೆಯಾಗದ್ದು, ಕೊಳೆಯದ್ದು, ಉರಿಯದ್ದು, ಏನು ಮಾಡಿದರೂ ಪ್ರತಿಕ್ರಿಯಿಸದ್ದು. ಓದುತ್ತಾ ಹೋದಂತೆ ನಮ್ಮ ವಾರ್ಡಿನ ಸದಸ್ಯರ ಮುಖ ಕಣ್ಣೆದುರು ಬಂತು. ಮರುಬಳಕೆಯ ಮಾತೊಂದು ಮಾತ್ರ ಹೊಂದಲಿಲ್ಲ. ಐದೈದು ವರ್ಷಕ್ಕೊಮ್ಮೆ ನಾವೇ ಸರದಿಯಲ್ಲಿ ನಿಂತು ಮಾಡ್ತೀವಲ್ಲ.

ಹೋದ ತಿಂಗಳು ಸಮುದಾಯ ಭವನದಲ್ಲಿ ಕಾಂಪೋಸ್ಟ್ ತರಬೇತಿ ಇಟ್ಟಿದ್ದರು. ಅಕ್ಕಚ್ಚಿನ ಬಾನಿ, ಗೊಬ್ಬರದ ಗುಂಡಿ ನೋಡುತ್ತಲೇ ಬೆಳೆದವರಿಗೆ, ದರಗು ಗುಡಿಸಿ ಕೊಟ್ಟಿಗೆಗೆ ಹಾಕಿದವರಿಗೆ, ಸಿಪ್ಪೆ ಕೊಳೆತರೆ ಗೊಬ್ಬರವಾಗುತ್ತೆ ಅಂತ ಪರದೆ ಮೇಲೆ ಚಿತ್ರ ತೋರಿಸಿದರು. ಊರಿನ ಕಸದಲ್ಲಿ ಅರ್ಧದಷ್ಟು ಹಸಿ ಕಸವೇ, ಅದನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ಘಟಕದ ಹೊರೆ ಅರ್ಧ ಇಳಿಯಿತು ಅಂದರು. ಮಾತೇನೋ ಸರಿ. ಆಮೇಲೆ ಊಟಕ್ಕೆ ಕರೆದರು.

ಎಲೆ ಹಾಕಿದ್ದರು. ಬಾಳೆಲೆ ಅಂತ ನೀರು ಚಿಮುಕಿಸಿದೆ, ಜಾರಿತು. ಕಾಗದದ ಎಲೆ, ಮೇಲೊಂದು ಪ್ಲಾಸ್ಟಿಕ್ ಪೊರೆ. ನಡುದಿಂಡು ಅಚ್ಚಾಗಿದೆ, ಗೀರುಗೀರು ನರ ಅಚ್ಚಾಗಿದೆ, ಅಂಚಿನಲ್ಲಿ ಗಾಳಿಗೆ ಸೀಳಿದ ಹಾಗೆ ಒಂದು ಸೀಳನ್ನೂ ಬಿಡದೆ ಬರೆದಿದ್ದಾನೆ ಕಲಾವಿದ. ಸಾರು ಬಿಟ್ಟುಕೊಂಡು ಕಲೆಸಿದರೆ ಉಗುರಿಗೆ ಪೊರೆ ಸಿಕ್ಕಿ ಎದ್ದು ಬಂತು. ಕಿಟಕಿಯಾಚೆ ನೋಡಿದರೆ ಭವನದ ಹಿಂದೆಯೇ ಬಾಳೆತೋಟ, ನಿಜವಾದ ಎಲೆಗಳು ಮಳೆಯಲ್ಲಿ ತಲೆದೂಗುತ್ತಿವೆ. ಅದರಾಚೆ ಅಡಿಕೆ ತೋಟ, ಬುಡದಲ್ಲಿ ಹಾಳೆ ಬಿದ್ದು ಕೊಳೆಯುತ್ತಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಹಾಳೆಯನ್ನೂ ಬಿಡದೆ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಹಾಗಂತ ಯಾರೋ ಭಾಷಣದಲ್ಲೂ ಹೇಳಿದರು, ಫ್ಲೆಕ್ಸಿನ ಕೆಳಗೆ ನಿಂತು.

ಕಸ ಕಡಿಮೆಯಾದದ್ದು ಸುಳ್ಳಲ್ಲ. ದಾರಿಯಲ್ಲೇ ಇಳಿದುಹೋಗುತ್ತೆ. ಒಂದಿಷ್ಟು ಘಾಟಿಯ ತಿರುವಿನಲ್ಲಿ ಮೋರಿಯ ಕೆಳಗೆ, ಒಂದಿಷ್ಟು ಸಂತೆ ಮೈದಾನದ ದನದ ಹೊಟ್ಟೆಗೆ, ಉಳಿದದ್ದಕ್ಕೆ ಬೇಸಿಗೆಯಲ್ಲಿ ಬೆಂಕಿ. ಇಷ್ಟೆಲ್ಲ ಕಂಟಕ ದಾಟಿ ಘಟಕ ಮುಟ್ಟಿದ ಕಸಕ್ಕೆ ಸನ್ಮಾನ ಮಾಡಬೇಕು. ‘ಕಸದಿಂದ ರಸ’ ಅಂತ ಘಟಕದ ಗೋಡೆ ಮೇಲೆ ಬರೆಸಿದ್ದಾರೆ. ಮಳೆಗಾಲದಲ್ಲಿ ಹೋಗಿ ನೋಡಿ, ಅಕ್ಷರಶಃ ನಿಜ. ಗುಡ್ಡೆಯ ಬುಡದಿಂದ ಕಪ್ಪನೆಯ ರಸ ಹೊರಟು, ಗದ್ದೆ ಬದುವಿನ ಪಕ್ಕ ಹರಿದು, ಹಳ್ಳ ಸೇರಿ, ಹಳ್ಳ ಹೊಳೆ ಸೇರುತ್ತೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಗಿಸೋಣ ಅಂತ ಕೂತೆ. ಆದರೆ ನಮ್ಮ ಬೀದಿಗೆ ಬರುವ ಆಯಮ್ಮ ನಿನ್ನೆ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಒಡೆದ ಬಾಟಲಿ ಕುಯ್ದಿದೆ. ಯಾರದೋ ಮನೆಯ ಪ್ಯಾಡು, ಡೈಪರು, ಬ್ಲೇಡು, ನಿನ್ನೆಯ ಹುಳಿ ಎಲ್ಲ ಒಂದೇ ಕವರಿನಲ್ಲಿ ಗಂಟು. ಅದನ್ನು ಬರಿಗೈಯಲ್ಲಿ ಬಿಚ್ಚಬೇಕು ಆಕೆ. ಗ್ಲೌಸು ಕೊಟ್ಟಿಲ್ವಾ ಅಂದೆ. ಫೋಟೊ ದಿನ ಕೊಟ್ಟಿದ್ರು, ವಾಪಸ್ ಇಸ್ಕಂಡ್ರು ಅಂದಳು. ಪ್ಯಾಡನ್ನು ಬೇರೆ ಸುತ್ತಿ ಕೊಡಿ ಅಂತಲೂ, ಕೆಲಸದವರಿಗೆ ಗ್ಲೌಸು, ಬೂಟು ಕೊಡಿ ಅಂತಲೂ ಅದೇ 2016ರ ನಿಯಮದಲ್ಲಿದೆ. ಒಂದು ಜೊತೆ ಗ್ಲೌಸು ಕಣ್ರಿ. ಬೋಂಡಾ ಬಿಲ್ಲಿನಲ್ಲಿ ಬರುತ್ತಿತ್ತು. ಇನ್ನು ಕವರಿಗೆ ಗಂಟು ಹಾಕಿದವರು ಪಂಚಾಯಿತಿಯವರಲ್ಲ, ನಮ್ಮ ಬೀದಿಯವರೇ. ಸಂಜೆ ಚಾವಡಿಯಲ್ಲಿ ಕೂತು ಸ್ವಚ್ಛತೆ ಬಗ್ಗೆ ಮಾತಾಡುವವರು.

ಮುಂದಿನ ವಾರ ಬಕೆಟ್ಟು ತಪಾಸಣೆಗೆ ಬರುತ್ತಾರಂತೆ, ದಂಡದ ಪುಸ್ತಕದ ಸಮೇತ. ಬರಲಿ. ನಮ್ಮನೆ ನೀಲಿ ಬಕೆಟ್ಟು ನಡುಮನೆಯಲ್ಲೇ ಇದೆ, ಒಡೆದ ಹೆಂಚಿನ ಕೆಳಗೆ. ದಿನಕ್ಕೆ ಎರಡು ಸಲ ತುಂಬುತ್ತಿದೆ.