ಸುಂಕದವನ ಮುಂದೆ ಸಂಶೋಧನೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ವ್ಯಾಪಾರಿಗಳಿಗೆ ಮಾತ್ರ ಎಂದು ನಮ್ಮ ಜೀವರಸಾಯನ ವಿಜ್ಞಾನಿಗಳು ಬಹುಕಾಲ ನಂಬಿದ್ದರು. 2024ರ ಜುಲೈ 23ಕ್ಕೆ ಭ್ರಮೆ ಕಳಚಿತು. ಅಂದಿನ ಕೇಂದ್ರ ಬಜೆಟ್‌ನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಆಮದು ಸುಂಕ ಶೇ 10ರಿಂದ ಒಂದೇ ನೆಗೆತಕ್ಕೆ ಶೇ 150 ಆಯಿತು. ಹತ್ತು ಸಾವಿರದ ಸೀಸೆಗೆ ಸುಂಕವೇ ಹದಿನೈದು ಸಾವಿರ.

ಕಾರಣ ಘನವಾದದ್ದೇ. ಯಾರೋ ಜಾಣರು ಮದ್ಯಸಾರವನ್ನು ‘ಲ್ಯಾಬ್ ಕೆಮಿಕಲ್’ ಎಂದು ಬರೆಸಿ ಅಗ್ಗದ ಸುಂಕದಲ್ಲಿ ತರಿಸಿಕೊಳ್ಳುತ್ತಿದ್ದರಂತೆ. ಅವರನ್ನು ಹಿಡಿಯುವುದು ಕಷ್ಟ, ವಿಜ್ಞಾನಿಗಳನ್ನು ಹಿಡಿಯುವುದು ಸುಲಭ. ಊರಲ್ಲಿ ಒಬ್ಬ ಕುಡಿದು ಬಿದ್ದನೆಂದು ಮನೆಮನೆಗೂ ಹೋಗಿ ನಿಂಬೆರಸ ಕುಡಿಸಿದ ಹಾಗಾಯಿತು.

ವಿಮಾನದ ಕಾರ್ಗೋ ಕೌಂಟರಿನಲ್ಲಿ ಆಗ ನಡೆದಿರಬಹುದಾದ ಸಂಭಾಷಣೆ:

“ಏನ್ ಸಾರ್ ಇದು?”

“ಗ್ಲೈಕೊಪ್ರೊಟೀನ್. ಮಿದುಳಿನ ಸಂಶೋಧನೆಗೆ.”

“ಗ್ಲೈಕೊ ಅಂದ್ರೆ?”

“ಸಕ್ಕರೆ. ಪ್ರೊಟೀನಿಗೆ ಸಕ್ಕರೆಯ ಕವಲುಗಳು ಅಂಟಿಕೊಂಡಿರ್ತವೆ. ನಿಮ್ಮ ರಕ್ತದ ಗುಂಪು ಎ ಅಥವಾ ಬಿ ಆಗೋದೂ ಒಂದೇ ಒಂದು ಸಕ್ಕರೆಯ ವ್ಯತ್ಯಾಸದಿಂದ.”

“ಪ್ರೊಟೀನು, ಸಕ್ಕರೆ... ಜಿಮ್ ಹುಡುಗರು ಕುಡಿಯೋ ಪೌಡ್ರು ಅನ್ನಿ. ಆಹಾರ ಇಲಾಖೆ ಎನ್‌ಒಸಿ ತಂದಿದ್ದೀರಾ?”

“ತಿನ್ನೋದಲ್ಲ ಸಾರ್ ಇದು.”

“ಮತ್ತೆ, ಕುಡಿಯೋದಾ?”

ಸೀಸೆಯಲ್ಲಿದ್ದದ್ದು ಐವತ್ತು ಮೈಕ್ರೊಲೀಟರ್. ಮೂವತ್ತು ಮಿಲಿಲೀಟರಿನ ಒಂದು ಪೆಗ್ಗಿಗೆ ಇಂಥವು ಆರುನೂರು ಬೇಕು. ಸೀಸೆಗೆ ನಲವತ್ತು ಸಾವಿರ ಎಂದಿಟ್ಟುಕೊಂಡರೂ ಪೆಗ್ಗಿಗೆ 2 ಕೋಟಿ 40 ಲಕ್ಷ, ಸೋಡಾ ಬೇರೆ. ಈ ಲೆಕ್ಕ ಒಪ್ಪಿಸುವ ಹೊತ್ತಿಗೆ ಥರ್ಮೊಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ಕರಗುತ್ತಿರುತ್ತದೆ. ಕರಗುವುದೇನು ಬಂತು, ಮೈನಸ್ 78 ಡಿಗ್ರಿಯ ಆ ಪದಾರ್ಥ ನೀರೂ ಆಗದೆ ನೇರ ಗಾಳಿಯಲ್ಲಿ ಮಾಯವಾಗುತ್ತದೆ. ನಮ್ಮ ಅನುದಾನಗಳಿಗೂ ಈ ವಿದ್ಯೆ ಗೊತ್ತು.

ಇಂಥ ಹೊತ್ತಿನಲ್ಲಿ ಗ್ಲೈಕೊಪ್ರೊಟೀನ್‌ಗಳ ಬೆನ್ನು ಹತ್ತಿದ್ದ ಜೀವರಸಾಯನ ವಿಜ್ಞಾನಿ ಬಿಮಲ್ ಕುಮಾರ್ ಬಚಾವತ್ ಬದುಕಿಲ್ಲದ್ದು ಅವರ ಪುಣ್ಯ. (ಕೃಷ್ಣಾ ನೀರು ಹಂಚಿದ ಬಚಾವತ್ ಬೇರೆ. ಹೆಸರು ಕೇಳಿದ ಕೂಡಲೇ ಟಿಎಂಸಿ ಲೆಕ್ಕಕ್ಕೆ ಕೂರಬೇಡಿ.) ಅಮೆರಿಕದಲ್ಲಿ ಮೈನರ್ ಕೂನ್ ಎಂಬ ವಿಜ್ಞಾನಿಯ ಜತೆ ಎಚ್‌ಎಂಜಿ-ಕೊಎ ಎಂಬ ಅಣುವನ್ನು ಸೀಳುವ ಕಿಣ್ವ ಕಂಡುಹಿಡಿದ ಈ ಮನುಷ್ಯ ಅಲ್ಲೇ ಉಳಿಯದೆ ಬಂದು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರರಸಾಯನದ ಪ್ರಯೋಗಾಲಯ ಕಟ್ಟಿದರು. ಆರಿಲ್‌ಸಲ್ಫಟೇಸ್-ಎ ಎಂಬ ಕಿಣ್ವದ ಕೊರತೆಯಿದ್ದರೆ ಮಿದುಳಿನಲ್ಲಿ ಒಂದು ಬಗೆಯ ಕೊಬ್ಬು ಶೇಖರವಾಗಿ ನರಗಳ ಹೊದಿಕೆಯನ್ನೇ ಹಾಳುಮಾಡುತ್ತದೆ. ಆಗಷ್ಟೇ ನಡೆಯಲು ಕಲಿತ ಮಗು ನಡಿಗೆ ಮರೆಯುತ್ತದೆ. ಆ ಕಿಣ್ವವೂ ಗ್ಲೈಕೊಪ್ರೊಟೀನೇ. ಅದರ ಬೆನ್ನು ಹತ್ತಿದವರು ಅವರು. 1962ರಲ್ಲಿ, ವಿಜ್ಞಾನಿಗಳಿಗೆ ಸರ್ಕಾರ ಕೊಡುವ ಭಟ್ನಾಗರ್ ಪ್ರಶಸ್ತಿ ಬಂತು.

ಸಕ್ಕರೆಯನ್ನು ಗುರುತಿಸಿ ಹಿಡಿಯುವ ಲೆಕ್ಟಿನ್‌ಗಳನ್ನು ಹರಳುಬೀಜದಿಂದ ಬೇರ್ಪಡಿಸಲು ಅವರ ತಂಡ ಬಳಸಿದ್ದು ಏನು ಗೊತ್ತೇ? ಗೋರಿಕಾಯಿ ಬೀಜದ ಅಂಟು. ನಾವು ಪಲ್ಯಕ್ಕೆ ನಾರು ತೆಗೆಯುತ್ತೇವಲ್ಲ, ಅದೇ ಗೋರಿಕಾಯಿ. ಅವರ ಶಿಷ್ಯ ಅವಧೇಶ ಸುರೋಲಿಯಾ ಆ ವಿದ್ಯೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ತಂದರು. ಅದೇ ಸಂಸ್ಥೆಯಲ್ಲಿ ಎಂ. ವಿಜಯನ್ ತಂಡ ಕಡಲೆಕಾಯಿ ಲೆಕ್ಟಿನ್ನಿನ, ಆಮೇಲೆ ಹಲಸಿನ ಬೀಜದ ಜ್ಯಾಕಲಿನ್ನಿನ ರಚನೆಯನ್ನು ಎಕ್ಸ್‌-ರೇಯಲ್ಲಿ ಬಿಡಿಸಿಟ್ಟಿತು.

ಇದನ್ನು ದಯವಿಟ್ಟು ದೆಹಲಿಯಲ್ಲಿ ಬಾಯಿಬಿಡಬೇಡಿ. “ಗೋರಿಕಾಯಲ್ಲೇ ಆಗುತ್ತದಲ್ಲ, ಆಮದು ಯಾಕ್ರೀ?” ಎಂದು ಮುಂದಿನ ಬಜೆಟ್‌ನಲ್ಲಿ ಬಸವನಗುಡಿ ಕಡಲೆಕಾಯಿ ಪರಿಷೆಯನ್ನೇ ರಾಷ್ಟ್ರೀಯ ಲೆಕ್ಟಿನ್ ಮಿಷನ್ ಎಂದು ಘೋಷಿಸಿಬಿಟ್ಟಾರು. ಕಡಲೆಕಾಯಿ ಸೇರಿಗೆ ಇಷ್ಟು ಸಿಗುತ್ತದೆ ನಿಜ, ಅದರೊಳಗಿನ ಅಣುವನ್ನು ನೋಡುವ ಯಂತ್ರ ಪರಿಷೆಯಲ್ಲಿ ಸಿಗುವುದಿಲ್ಲ. ಸರ್ಕಾರಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಅಂಥ ಯಂತ್ರಗಳ ಜಿಎಸ್‌ಟಿಯನ್ನು 2022ರ ಜುಲೈನಲ್ಲೇ ಶೇ 5ರಿಂದ 18ಕ್ಕೆ ಏರಿಸಿ ಆಗಿತ್ತು.

ಶೇ 150ರ ಸುಂಕಕ್ಕೆ ವಿಜ್ಞಾನಿಗಳು ಬೊಬ್ಬೆ ಹೊಡೆದ ಮೇಲೆ ಕೆಲವೇ ದಿನಗಳಲ್ಲಿ ಅದು ಮತ್ತೆ 10ಕ್ಕೆ ಇಳಿಯಿತು. ಸುಮ್ಮನೆ ಅಲ್ಲ; ತರಿಸಿದ್ದನ್ನು ನಾನೇ ಬಳಸುತ್ತೇನೆ, ಮಾರುವುದಿಲ್ಲ ಎಂದು ಬರೆದುಕೊಡಬೇಕು. ಹಿಂದೆಯೇ ಸಂಶೋಧನಾ ಅನುದಾನಕ್ಕೂ ಜಿಎಸ್‌ಟಿ ಕಟ್ಟಿ ಎಂದು ಕೆಲವು ಸಂಸ್ಥೆಗಳಿಗೆ ನೋಟಿಸು. ಸರ್ಕಾರದ ಬಲಗೈ ಕೊಟ್ಟ ಹಣಕ್ಕೆ ಎಡಗೈ ತೆರಿಗೆ ಕೇಳಿತು. 2024ರ ಸೆಪ್ಟೆಂಬರ್ 9ರಂದು ಜಿಎಸ್‌ಟಿ ಮಂಡಳಿ ಸಭೆ ಸೇರಿ, ಎರಡೂ ಕೈ ಒಂದೇ ಮೈಯದ್ದು ಎಂದು ತೀರ್ಮಾನಿಸಿ ಆ ತೆರಿಗೆ ಕೈಬಿಟ್ಟಿತು.

2025ರ ಜೂನ್‌ನಲ್ಲಂತೂ ಹಣಕಾಸು ಸಚಿವಾಲಯ ಒಂದು ಮೂಲಭೂತ ಆವಿಷ್ಕಾರವನ್ನೇ ಮಾಡಿತು. ವೈಜ್ಞಾನಿಕ ಸಂಸ್ಥೆಗಳು ತಮಗೆ ಬೇಕಾದ ಉಪಕರಣ, ಸಾಮಗ್ರಿಗಳನ್ನು ಸರ್ಕಾರಿ ಖರೀದಿಯ ‘ಜೆಮ್’ ಪೋರ್ಟಲ್ಲಿನ ಹೊರಗೂ ಕೊಳ್ಳಬಹುದಂತೆ. ಕುರ್ಚಿ, ಪೊರಕೆ ಕೊಳ್ಳುವ ಅಂಗಡಿಯಲ್ಲೇ ಮಿದುಳಿನ ಕಿಣ್ವವನ್ನೂ ಹುಡುಕಬೇಕಿಲ್ಲ ಎಂಬುದು ಇಷ್ಟು ವರ್ಷಗಳ ಅಧ್ಯಯನದ ಫಲ. ಇದಕ್ಕೂ ಒಂದು ಭಟ್ನಾಗರ್ ಪ್ರಶಸ್ತಿ ಕೊಡಿಸಬಹುದಿತ್ತು. ಆದರೆ ಅದಕ್ಕೆ 45 ವರ್ಷದ ವಯೋಮಿತಿಯಿದೆ, ಕಡತದ ಜನ್ಮದಿನಾಂಕ ಯಾರಿಗೂ ಗೊತ್ತಿಲ್ಲ.